ಹುಳುವನ್ನು ಹಿಡಿಯುವ ಹುಳು: ಕ್ರ್ಯಾನ್‌ಬೆರಿ ಪಾತಿಯಿಂದ ಅಡಿಕೆಯ ಬುಡದವರೆಗೆ

(ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ಅಡಿಕೆ, ತೆಂಗು ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯ ಹಿರಿಯರೇ, ಕೃಷಿಕ ಬಂಧುಗಳೇ,

ಇಂದಿನ ವಿಷಯವನ್ನು ಕಾರ್ಯದರ್ಶಿಗಳು ಹೇಳುತ್ತಿದ್ದಾಗ, ನೆಮಟೋಡ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮುಂದಿನ ಸಾಲಿನ ಹಿರಿಯರೊಬ್ಬರು ಹುಬ್ಬುಗಂಟಿಕ್ಕಿದ್ದನ್ನು ಗಮನಿಸಿದೆ. ಅವರದು ತಪ್ಪಲ್ಲ. ನಮ್ಮ ತೋಟಗಳಿಗೆ ಆ ಶಬ್ದ ಬಂದದ್ದೇ ಕಾಳುಮೆಣಸಿನ ಬಳ್ಳಿಯ ಸಾವಿನ ಜೊತೆಯಲ್ಲಿ. ಮಳೆಗಾಲ ಮುಗಿದ ಮೇಲೆ ಎಲೆ ಹಳದಿಯಾಗಿ, ಗಿಣ್ಣುಗಿಣ್ಣಿನಲ್ಲಿ ಕಳಚಿ, ಮರುಮಳೆಗೆ ತುಸು ಚೇತರಿಸಿದಂತೆ ತೋರಿ, ಎರಡು ಮೂರು ವರ್ಷಗಳೊಳಗೆ ಬಳ್ಳಿಯೇ ಇಲ್ಲವಾಗುವ ನಿಧಾನ ಸೊರಗುರೋಗದಲ್ಲಿ ಬೇರು ಕೊರೆಯುವ ನೆಮಟೋಡುಗಳ ಪಾಲು ದೊಡ್ಡದು. ಬಾಳೆ ಮತ್ತು ಅಡಿಕೆಯ ಬೇರುಗಳನ್ನೂ ಅದೇ ಜಾತಿಯ ಹುಳು ಬಿಡುವುದಿಲ್ಲ. ಹಾಗಿರುವಾಗ ‘ಉಪಕಾರಿ ನೆಮಟೋಡ್’ ಎಂದರೆ ‘ಉಪಕಾರಿ ಕಳ್ಳ’ ಎಂದಂತೆ ಕೇಳಿಸುವುದು ಸಹಜ.

ಆದುದರಿಂದ ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನೆಮಟೋಡ್ ಒಂದು ಬಹುದೊಡ್ಡ ವಂಶದ ಹೆಸರು. ಮಕ್ಕಳ ಹೊಟ್ಟೆಯ ಜಂತುಹುಳು, ಆನೆಕಾಲು ರೋಗ ತರುವ ಹುಳು, ಮೆಣಸಿನ ಬೇರಿನ ಹುಳು, ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಿಂದು ಯಾರ ಗೊಡವೆಗೂ ಹೋಗದೆ ಬದುಕುವ ಲೆಕ್ಕವಿಲ್ಲದಷ್ಟು ಹುಳುಗಳು, ಎಲ್ಲವೂ ಆ ವಂಶದವೇ. ಬೇರು ತಿನ್ನುವ ನೆಮಟೋಡಿನ ಬಾಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಅಂಗವಿದೆ. ಬೇರಿನ ಜೀವಕೋಶಕ್ಕೆ ಚುಚ್ಚಿ ರಸ ಹೀರುವುದು ಅದರಿಂದ. ನಾನು ಇಂದು ಹೇಳಹೊರಟಿರುವ ಸ್ಟೈನರ್ನೆಮ ಮತ್ತು ಹೆಟೆರೊರಾಬ್ಡಿಟಿಸ್ ಎಂಬ ಎರಡು ಕುಲಗಳಿಗೆ ಆ ಸೂಜಿಯೇ ಇಲ್ಲ. ಬೇಕೆಂದರೂ ಅವು ಬೇರು ತಿನ್ನಲಾರವು. ಅವುಗಳ ಆಹಾರ ಕೀಟ ಮಾತ್ರ. ಕೇರಳದ ಕೃಷಿ ಸಾಹಿತ್ಯದಲ್ಲಿ ಇವುಗಳಿಗೆ ‘ಮಿತ್ರನಿಮಾವಿರ’ ಎಂಬ ಚೆಂದದ ಹೆಸರಿದೆ. ಮಲಯಾಳದ ‘ವಿರ’ ಎಂದರೆ ಜಂತುಹುಳುವೆಂದು ನಮ್ಮ ಗಡಿನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾನೂ ಇಲ್ಲಿ ಮಿತ್ರಜಂತು ಎಂದೇ ಕರೆಯುತ್ತೇನೆ.

ಮಿತ್ರಜಂತುಗಳ ಕಥೆಯನ್ನು ಕ್ರ್ಯಾನ್‌ಬೆರಿಯಿಂದ ಆರಂಭಿಸಲು ಕಾರಣವಿದೆ. ಕ್ರ್ಯಾನ್‌ಬೆರಿಯ ಪಾತಿಯನ್ನು ನಾನು ಓದಿ ತಿಳಿದವನೇ ಹೊರತು ಮೆಟ್ಟಿ ತಿಳಿದವನಲ್ಲ. ಆದರೂ ಓದುತ್ತ ಹೋದಂತೆ ಅದು ಎಲ್ಲಿಯೋ ನಮ್ಮ ತೋಟವನ್ನೇ ನೆನಪಿಸತೊಡಗಿತು. ಉತ್ತರ ಅಮೆರಿಕದ ಜವುಗು ನೆಲದಲ್ಲಿ ತಾನಾಗಿ ಬೆಳೆಯುವ, ನೆಲಕ್ಕೆ ಹರಡುವ ಒಂದು ಬಳ್ಳಿ ಅದು. ಕೆಂಪು ಹಣ್ಣು ನಮ್ಮ ಕರಂಡೆಯಷ್ಟೇ ಹುಳಿ. ಆದರೆ ಕರಂಡೆಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. 1816ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಹೆನ್ರಿ ಹಾಲ್ ಎಂಬವರು, ಕಡಲ ಕಡೆಯ ಮರಳು ಗಾಳಿಗೆ ಹಾರಿ ಬಂದು ಬಿದ್ದ ಕಡೆಯಲ್ಲಿ ಈ ಬಳ್ಳಿ ಇನ್ನೂ ಹುಲುಸಾಗಿ ಬೆಳೆಯುವುದನ್ನು ಕಂಡರು. ಅಂದಿನಿಂದ ಇಂದಿನವರೆಗೂ ಅಲ್ಲಿನ ಬೆಳೆಗಾರರು ಕೆಲವು ವರ್ಷಗಳಿಗೊಮ್ಮೆ ಪಾತಿಯ ಮೇಲೆ ತೆಳುವಾಗಿ ಮರಳು ಹರಡುತ್ತಾರೆ. ನಾಲ್ಕೈದು ವರ್ಷಗಳಿಗೊಮ್ಮೆ ಗುಡ್ಡದ ಕೆಂಪು ಮಣ್ಣನ್ನು ಹೊತ್ತು ಅಡಿಕೆ ಬುಡಕ್ಕೆ ಹಾಕಿಸುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಇನ್ನೂ ಒಂದು ಹೋಲಿಕೆಯಿದೆ. ಕ್ರ್ಯಾನ್‌ಬೆರಿ ಬಹುವಾರ್ಷಿಕ ಬೆಳೆ. ಒಮ್ಮೆ ನೆಟ್ಟರೆ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಗದ್ದೆಯಂತೆ ವರ್ಷಕ್ಕೊಮ್ಮೆ ಉತ್ತು ಮಣ್ಣಿನೊಳಗಿನ ಹುಳುಗಳನ್ನು ಕಾಗೆಗೆ ತೋರಿಸುವ ಅನುಕೂಲ ಅಲ್ಲಿಲ್ಲ. ನೀರು ಬೇಕಾದಷ್ಟಿದೆ, ಸ್ಪ್ರಿಂಕ್ಲರ್ ಪೈಪುಗಳು ಪಾತಿಯ ಉದ್ದಕ್ಕೂ ಇವೆ. ಬಳ್ಳಿಯ ದಟ್ಟ ಹೊದಿಕೆಯಿಂದಾಗಿ ಮಣ್ಣು ಸದಾ ನೆರಳಿನಲ್ಲಿ, ತೇವದಲ್ಲಿ ಇರುತ್ತದೆ. ಕೊಯ್ಲಿಗೆ ಪಾತಿಯನ್ನು ನೀರಿನಲ್ಲಿ ಮುಳುಗಿಸಿ ಹಣ್ಣನ್ನು ತೇಲಿಸುತ್ತಾರೆ. ಹಾಗೆ ಬಿಟ್ಟ ನೀರು ಕೊನೆಗೆ ಹೊಳೆಗೋ ಕೆರೆಗೋ ಸೇರಬೇಕಾದ್ದರಿಂದ ಮಣ್ಣಿಗೆ ಏನು ಸುರಿಯುತ್ತೇವೆ ಎಂಬ ಎಚ್ಚರ ಆ ಬೆಳೆಗಾರರಿಗೆ ಅನಿವಾರ್ಯ. ಸುರಂಗದ ನೀರು ಕುಡಿದು ಬೆಳೆದ ನಮಗೂ ಆ ಎಚ್ಚರ ಅರ್ಥವಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ಕಂಡ ಎಣ್ಮಕಜೆ, ಮುಳಿಯಾರಿನ ಜನಕ್ಕಂತೂ ನಾನು ಹೇಳಬೇಕಾದ್ದು ಏನೂ ಇಲ್ಲ.

ಆ ಪಾತಿಗಳಲ್ಲಿ ಬೇರು ಮತ್ತು ಕಾಂಡಗಳಿಗೆ ಬೀಳುವ ಹುಳುಗಳು ಹಲವು. ಎರಡನ್ನು ಮಾತ್ರ ನೋಡೋಣ, ಏಕೆಂದರೆ ಇಡೀ ವಿಷಯದ ಕೀಲಿ ಇವೆರಡರ ನಡುವಿನ ವ್ಯತ್ಯಾಸದಲ್ಲಿದೆ.

ಮೊದಲನೆಯದು ಅಲ್ಲಿನವರು ಗರ್ಡ್ಲರ್ ಎನ್ನುವ ಒಂದು ಪತಂಗದ ಮರಿಹುಳು. ಇದು ಮಣ್ಣಿನ ಒಳಗೆ ಹೋಗುವುದಿಲ್ಲ. ಬಳ್ಳಿಯ ಕೆಳಗೆ ಬಿದ್ದ ತರಗೆಲೆಯ ಪದರದಲ್ಲಿ ಅಡಗಿ ಕುಳಿತು, ಹಬ್ಬಿದ ಕಾಂಡದ ತೊಗಟೆಯನ್ನು ಸುತ್ತಲೂ ಬಳೆ ತೊಡಿಸಿದಂತೆ ಕೆರೆದು ತಿನ್ನುತ್ತದೆ. ಎರಡನೆಯದು ಕಪ್ಪು ಮೂತಿಹುಳು. ಇದರ ದುಂಬಿಗೆ ಹಾರಲು ಬಾರದು. ಎಲ್ಲವೂ ಹೆಣ್ಣೇ, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ. ಮರಿಗಳು ಮಣ್ಣಿನೊಳಗೆ ಇಳಿದು ಬೇರನ್ನು ತಿನ್ನುತ್ತವೆ. ಒಂದು ಮೇಲ್ಪದರದ ಕಳ್ಳ, ಇನ್ನೊಂದು ನೆಲಮಾಳಿಗೆಯ ಕಳ್ಳ.

ಮಿತ್ರಜಂತುಗಳಲ್ಲಿಯೂ ಎರಡು ಬಗೆಯ ಬೇಟೆಗಾರರಿದ್ದಾರೆ. ಸ್ಟೈನರ್ನೆಮ ಕಾರ್ಪೊಕ್ಯಾಪ್ಸೆ ಎಂಬುದು ಹೊಂಚುಗಾರ: ಮಣ್ಣಿನ ಮೇಲ್ಪದರದಲ್ಲಿ, ತರಗೆಲೆಯ ತೇವದಲ್ಲಿ, ಬಾಲದ ತುದಿಯ ಮೇಲೆ ಎದ್ದು ನಿಂತು ಓಲಾಡುತ್ತ, ಹಾದುಹೋಗುವ ಹುಳುವಿಗೆ ಅಂಟಿಕೊಳ್ಳಲು ಕಾಯುತ್ತದೆ. ಗದ್ದೆಯ ಹುಣಿಯಲ್ಲಿ ನಡೆಯುವವರ ಕಾಲಿಗೆ ಉಂಬುಳ ಹತ್ತುವಂತೆಯೇ. ಹೆಟೆರೊರಾಬ್ಡಿಟಿಸ್ ಬ್ಯಾಕ್ಟೀರಿಯೋಫೋರ ಅಲೆಮಾರಿ: ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ ಈಜುತ್ತ, ಬೇರುಹುಳುವಿನ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಂತಾದ ಸುಳಿವುಗಳನ್ನು ಹಿಡಿದು ಕೆಳಗಿಳಿಯುತ್ತದೆ. ಗರ್ಡ್ಲರ್ ಹುಳುವಿಗೆ ಹೊಂಚುಗಾರನನ್ನೂ ಮೂತಿಹುಳುವಿಗೆ ಅಲೆಮಾರಿಯನ್ನೂ ಬಿಡಬೇಕು. ಅದಲು ಬದಲು ಮಾಡಿದರೆ ಹಣ ಹೋಯಿತು, ಹುಳು ಉಳಿಯಿತು. ಹಾಗೆಯೇ, ಹೂಮೊಗ್ಗಿನೊಳಗೆ ಕೂರುವ ಇನ್ನೊಂದು ಕ್ರ್ಯಾನ್‌ಬೆರಿ ಮೂತಿಹುಳುವಿಗೆ ಮಣ್ಣಿನ ಈ ಜಂತುಗಳು ಯಾವ ಕೆಲಸಕ್ಕೂ ಬಾರವು. ‘ನೆಮಟೋಡ್ ಹಾಕಿದೆ, ಪ್ರಯೋಜನವಾಗಲಿಲ್ಲ’ ಎನ್ನುವವರನ್ನು ನಾನು ಮೊದಲು ಕೇಳುವುದು, ಯಾವ ಹುಳುವಿಗೆ ಯಾವುದನ್ನು ಹಾಕಿದಿರಿ ಎಂದು. ಹೆಚ್ಚಿನವರಿಗೆ ಪ್ಯಾಕೆಟ್ಟಿನ ಬಣ್ಣ ಮಾತ್ರ ನೆನಪಿರುತ್ತದೆ.

ಈ ಜಂತು ಕೊಲ್ಲುವ ರೀತಿಯನ್ನು ತುಸು ಹತ್ತಿರದಿಂದ ನೋಡೋಣ. ಮಣ್ಣಿನಲ್ಲಿ ಬೇಟೆಗೆ ಹೊರಡುವುದು ಅದರ ಮೂರನೆಯ ಹಂತದ ಮರಿ, ಉದ್ದ ಸುಮಾರು ಅರ್ಧ ಮಿಲಿಮೀಟರ್. ಈ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಮೈಯೊಳಗಿನ ಕೊಬ್ಬೇ ಬುತ್ತಿ. ಕರುಳಿನಲ್ಲಿ ಮಾತ್ರ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತದೆ: ಸ್ಟೈನರ್ನೆಮದಲ್ಲಿ ಝೆನೊರಾಬ್ಡಸ್, ಹೆಟೆರೊರಾಬ್ಡಿಟಿಸ್‌ನಲ್ಲಿ ಫೋಟೊರಾಬ್ಡಸ್. ಕೀಟದ ಬಾಯಿ, ಗುದದ್ವಾರ ಅಥವಾ ಉಸಿರುರಂಧ್ರದ ಮೂಲಕ ಜಂತು ಒಳಗೆ ನುಗ್ಗುತ್ತದೆ. ಹೆಟೆರೊರಾಬ್ಡಿಟಿಸ್‌ಗೆ ಒಂದು ಪುಟ್ಟ ಹಲ್ಲು ಇರುವುದರಿಂದ ಮೃದುವಾದ ಚರ್ಮವನ್ನು ಸೀಳಿಯೂ ಹೋಗಬಲ್ಲದು. ಒಳಗೆ ಸೇರಿದ ಮೇಲೆ ಬ್ಯಾಕ್ಟೀರಿಯಾವನ್ನು ಕೀಟದ ರಕ್ತಕ್ಕೆ ಬಿಡುತ್ತದೆ. ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಕೀಟ ಸಾಯುತ್ತದೆ. ಬ್ಯಾಕ್ಟೀರಿಯಾ ಹೆಣವನ್ನು ಜೀರ್ಣಿಸಿ ಗಂಜಿಯಾಗಿಸುತ್ತದೆ, ಬೇರೆ ಸೂಕ್ಷ್ಮಜೀವಿಗಳು ಬಂದು ಅದನ್ನು ಕೊಳೆಸದಂತೆ ಕಾಯುತ್ತದೆ. ಜಂತುಗಳು ಆ ಗಂಜಿಯನ್ನುಂಡು ಎರಡು ಮೂರು ತಲೆಮಾರು ಅಲ್ಲೇ ಬೆಳೆಯುತ್ತವೆ. ಆಹಾರ ಮುಗಿದಾಗ ಹೊಸ ಮರಿಗಳು ಮತ್ತೆ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿ ತುಂಬಿಕೊಂಡು ಹೊರಬೀಳುತ್ತವೆ. ದೊಡ್ಡದೊಂದು ಹುಳುವಿನಿಂದ ಲಕ್ಷಕ್ಕೂ ಮಿಕ್ಕು ಮರಿಗಳು ಬರುವುದುಂಟು.

ಬ್ಯಾಕ್ಟೀರಿಯಾದ ಈ ಪಾತ್ರ ಗೊತ್ತಿಲ್ಲದ್ದರಿಂದಲೇ ಒಂದು ದೊಡ್ಡ ಪ್ರಯತ್ನ ಎಡವಿದ್ದೂ ಇದೆ. ಕ್ರ್ಯಾನ್‌ಬೆರಿ ಬೆಳೆಯುವ ರಾಜ್ಯಗಳಲ್ಲಿ ಒಂದಾದ ನ್ಯೂ ಜೆರ್ಸಿಯಲ್ಲಿ, 1929ರಲ್ಲಿ, ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿ ಜಪಾನೀ ದುಂಬಿಯ ಸತ್ತ ಗೊಣ್ಣೆಹುಳುಗಳಲ್ಲಿ ಒಂದು ನೆಮಟೋಡನ್ನು ಕಂಡರು. ಅದಕ್ಕೆ ಈಗ ಅವರದೇ ಹೆಸರು, ಸ್ಟೈನರ್ನೆಮ ಗ್ಲೇಸರಿ. 1930ರ ದಶಕದಲ್ಲಿ ಅವರು ಅದನ್ನು ಕೃತಕ ಆಹಾರದಲ್ಲಿ ಬೆಳೆಸಿ ಹೊಲಗಳಿಗೆ ಬಿಟ್ಟರು. ಆದರೆ ಆಹಾರ ಕೆಡದಿರಲೆಂದು ಸೇರಿಸುತ್ತಿದ್ದ ಪದಾರ್ಥಗಳು ಜಂತುವಿನ ಜೊತೆಗಾರ ಬ್ಯಾಕ್ಟೀರಿಯಾವನ್ನೂ ಅಳಿಸಿಹಾಕುತ್ತವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕೋವಿಯನ್ನು ಕೊಟ್ಟು ತೋಟೆಯನ್ನು ಮನೆಯಲ್ಲೇ ಬಿಟ್ಟಂತಾಯಿತು. ಫಲ ಒಮ್ಮೆ ಇದ್ದರೆ ಇನ್ನೊಮ್ಮೆ ಇಲ್ಲ. ಮುಂದೆ ಡಿಡಿಟಿ ಬಂದ ಭರದಲ್ಲಿ ಈ ವಿದ್ಯೆ ಮೂಲೆ ಸೇರಿ, ಬ್ಯಾಕ್ಟೀರಿಯಾದ ಸಂಗತಿ ಸ್ಪಷ್ಟವಾದ 1960ರ ದಶಕದ ಮೇಲೆಯೇ ಮತ್ತೆ ತಲೆಯೆತ್ತಿತು.

ಇತ್ತೀಚಿನ ವರ್ಷಗಳಲ್ಲಿ ಕ್ರ್ಯಾನ್‌ಬೆರಿ ನಾಡಿನಲ್ಲಿ ನಡೆದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಅಮೆರಿಕದ ಕ್ರ್ಯಾನ್‌ಬೆರಿಯ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್‌ನ ಸರ್ಕಾರಿ ಕೃಷಿ ಪ್ರಯೋಗಾಲಯದ ಶಾನ್ ಸ್ಟೆಫನ್ ಮತ್ತು ಸಂಗಡಿಗರು, ಅಂಗಡಿಯ ಜಂತುಗಳನ್ನೇ ನೆಚ್ಚಿ ಕೂರದೆ, ಕಾಡು ಕ್ರ್ಯಾನ್‌ಬೆರಿ ಬೆಳೆಯುವ ಜವುಗಿನ ಮಣ್ಣನ್ನು ತಂದು ಅದರಲ್ಲಿ ಹುಳುಗಳನ್ನು ಆಮಿಷವಾಗಿ ಇಟ್ಟರು. ಸತ್ತ ಹುಳುಗಳಿಂದ ಅವರಿಗೆ ಎರಡು ಸ್ಥಳೀಯ ಜಂತುಗಳು ಸಿಕ್ಕವು: ಹೆಟೆರೊರಾಬ್ಡಿಟಿಸ್ ಜಾರ್ಜಿಯಾನ ಒಂದು, ಆಸ್ಕಿಯಸ್ ಒನಿರಿಸಿ ಇನ್ನೊಂದು. ಪಾತಿಯ ಬೇರು ತಿನ್ನುವ ಚಿಗಟದುಂಬಿಯ ಮರಿಗಳ ಮೇಲೆ ಇವನ್ನು ಪ್ರಯೋಗಿಸಿದ್ದಾರೆ. ಆ ಮಣ್ಣಿನ ಹುಳಿಯನ್ನೂ ಚಳಿಯನ್ನೂ ಸಾವಿರಾರು ವರ್ಷಗಳಿಂದ ಸಹಿಸಿಕೊಂಡು ಬಂದ ಜಂತುವಿಗೆ ಅಲ್ಲಿ ಬದುಕಲು ಯಾರೂ ಕಲಿಸಬೇಕಾಗಿಲ್ಲ.

ಅದೇ ತರ್ಕವನ್ನು ನಮ್ಮ ಕಡೆಗೆ ತಿರುಗಿಸಿದರೆ, ಹೊರದೇಶದ ಜಂತುವಿಗಾಗಿ ಕೈಚಾಚುವ ಅಗತ್ಯ ನಮಗಿಲ್ಲ. ಹೆಟೆರೊರಾಬ್ಡಿಟಿಸ್ ಇಂಡಿಕ ಎಂಬ ಉಷ್ಣವಲಯದ ಜಂತುವನ್ನು 1992ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಕೊಯಮತ್ತೂರಿನ ಮಣ್ಣಿನಿಂದ. ಪಾಲಕ್ಕಾಡ್ ದಾಟಿದರೆ ಕೊಯಮತ್ತೂರು, ನೆರೆಮನೆಯದೇ ಎನ್ನಬಹುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ನೀರಿಗೆ ಬೆರೆಸುವ ಪುಡಿಯ ರೂಪಕ್ಕೆ ತಂದಿದೆ. ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿ ಬೇರುಹುಳುವಿಗೆ, ಜಂತು ತುಂಬಿದ ಮೇಣದ ಹುಳುವಿನ ಹೆಣಗಳನ್ನೇ ಗಿಡದ ಬುಡದಲ್ಲಿ ಹೂಳುವ ಕ್ರಮವಿದೆ.

ಮೇಣದ ಹುಳು ಎಂದೆ. ಜೇನು ಸಾಕುವವರಿಗೆ ಇದರ ಮೇಲೆ ಇರುವಷ್ಟು ಸಿಟ್ಟು ಬೇರಾವುದರ ಮೇಲೂ ಇಲ್ಲ: ದುರ್ಬಲವಾದ ಪೆಟ್ಟಿಗೆಗೆ ನುಗ್ಗಿ, ಎರಿಯನ್ನು ಜೇಡರಬಲೆಯಂತೆ ಹೆಣೆದು ಹಾಳುಮಾಡುವ ಬಿಳಿಹುಳು. ಜಂತುಗಳ ಅಧ್ಯಯನ ಮಾಡುವವರಿಗೆ ಅದೇ ಕಾಮಧೇನು. ಅದು ಬಹು ಬೇಗ ಸೋಂಕಿಗೆ ತುತ್ತಾಗುವುದರಿಂದ, 1975ರಿಂದ ಜಗತ್ತಿನಾದ್ಯಂತ ಮಣ್ಣಿನಿಂದ ಮಿತ್ರಜಂತುಗಳನ್ನು ಹಿಡಿಯುವ ಗಾಳ ಅದೇ ಆಗಿದೆ.

ನಾನೂ ಒಮ್ಮೆ ಹಿಡಿದು ನೋಡಿದೆ. ಜೂನ್ ಕೊನೆಯಲ್ಲಿ, ತೋಟದ ಕೆಳಗಣ ಕಣಿಯ ಬದಿಯಲ್ಲಿ, ಸೋಗೆ ಕೊಳೆತು ಮಣ್ಣಾದ ಜಾಗದಿಂದ ಒಂದು ಗೇಣು ಆಳದ ಮಣ್ಣು ತೆಗೆದು, ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ತುಂಬಿ, ನೆರೆಮನೆಯ ಜೇನುಪೆಟ್ಟಿಗೆಯಿಂದ ತಂದ ಎಂಟು ಮೇಣದ ಹುಳುಗಳನ್ನು ಬಿಟ್ಟು ಡಬ್ಬಿಯನ್ನು ಬೋರಲು ಹಾಕಿ ಇಟ್ಟೆ. ಹುಳು ಮಣ್ಣಿನ ಮೇಲೆ ಮೇಲೆ ಬರಲು ನೋಡುತ್ತದೆ. ಬೋರಲು ಹಾಕಿದರೆ ಮಣ್ಣೊಳಗೇ ಇರುತ್ತದೆ. ನಾಲ್ಕನೆಯ ದಿನ ನೋಡುವಾಗ ಐದು ಸತ್ತಿದ್ದವು. ಮೂರು ಕಪ್ಪಾಗಿ ಕೊಳೆತು ನಾರುತ್ತಿದ್ದವು, ಅವನ್ನು ಎಸೆದೆ. ಎರಡು ಮಾತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು, ಮೆತ್ತಗಿದ್ದವು, ವಾಸನೆಯೇ ಇರಲಿಲ್ಲ. ಹೆಟೆರೊರಾಬ್ಡಿಟಿಸ್ ಹಿಡಿದ ಹುಳುವಿನ ಗುರುತು ಅದು. ಸ್ಟೈನರ್ನೆಮ ಹಿಡಿದದ್ದು ಮಸುಕು ಕಂದು ಅಥವಾ ಹಳದಿಗಂದು ಬಣ್ಣಕ್ಕೆ ಬರುತ್ತದೆ. ಆ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿತ್ತು. ಮಳೆಗಾಲದಲ್ಲಿ ನಮಗೆ ಅದೇನು ಹೊಸತಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲೆಂದು ಹತ್ತು ನಿಮಿಷ ಸುಮ್ಮನೆ ಕುಳಿತು, ಆಮೇಲೆ ಬಟ್ಟಲಿನೊಳಗೆ ನೋಡಿದೆ. ಕೆಂಪು ಹುಳು ತೀರ ಮಂದವಾಗಿ, ಹೌದೋ ಅಲ್ಲವೋ ಎಂಬಂತೆ ಬೆಳಗುತ್ತಿತ್ತು. ಫೋಟೊರಾಬ್ಡಸ್ ಎಂಬ ಹೆಸರಿನ ಮೊದಲ ಭಾಗಕ್ಕೆ ಬೆಳಕು ಎಂದೇ ಅರ್ಥ. ಮಿಣುಕುಹುಳುವಿನ ಬೆಳಕಿನ ಮುಂದೆ ಇದು ಏನೇನೂ ಅಲ್ಲ; ಆದರೂ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಇನ್ನು ನಮ್ಮ ಶತ್ರುವಿನ ಕಡೆಗೆ ಬರುತ್ತೇನೆ. ಬೇರುಹುಳು, ಗೊಣ್ಣೆಹುಳು, ಮಲಯಾಳದಲ್ಲಿ ವೇರುತೀನಿಪುಳು ಎಂದು ನಾವು ಕರೆಯುವುದು ಲ್ಯುಕೊಫೋಲಿಸ್ ಕುಲದ ದುಂಬಿಗಳ ಮರಿಗಳನ್ನು. ಮುಂಗಾರಿನ ಮೊದಲ ಮಳೆಗಳ ಬಳಿಕ, ಮುಸ್ಸಂಜೆಯ ಹೊತ್ತಿಗೆ, ಕಂದು ದುಂಬಿಗಳು ಮಣ್ಣಿನಿಂದ ಎದ್ದು ಸ್ವಲ್ಪ ಹೊತ್ತು ಮಾತ್ರ ಹಾರಾಡುತ್ತವೆ. ನನ್ನ ಬಾಲ್ಯದಲ್ಲಿ ಆ ಹೊತ್ತಿಗೆ ಅಮ್ಮ ನಮ್ಮ ಕೈಗೆ ಚಿಮಿಣಿ ಎಣ್ಣೆ ಬೆರೆಸಿದ ನೀರಿನ ತಂಬಿಗೆ ಕೊಟ್ಟು ತೋಟಕ್ಕೆ ಅಟ್ಟುತ್ತಿದ್ದರು; ಹೆಕ್ಕಿದ ದುಂಬಿಗಳನ್ನು ಅದರೊಳಗೆ ಹಾಕುವುದು ನಮ್ಮ ಕೆಲಸ. ಅದನ್ನು ಈಗಲೂ ಯಾರೂ ಬಿಡಬಾರದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮೊಟ್ಟೆಯಿಡುವ ಮೊದಲೇ ಸಿಕ್ಕಿದ ಹೆಣ್ಣುದುಂಬಿಗೆ ಯಾವ ಮದ್ದೂ ಸಮವಲ್ಲ. ಮರಿಗಳು ಮೊದಮೊದಲು ಕೊಳೆತ ಸೊಪ್ಪು, ಹುಲ್ಲಿನ ಬೇರುಗಳನ್ನು ತಿಂದು, ಬೆಳೆದಂತೆ ಮರದ ಬೇರಿಗೆ ಬಾಯಿ ಹಾಕುತ್ತವೆ. ಸೋಗೆ ಹಳದಿಯಾಗಿ, ಮರದ ತಲೆ ಸಪುರವಾಗಿ, ಎಳೆಕಾಯಿ ಉದುರಿ, ಗಾಳಿಗೆ ಮರ ವಾಲುವಾಗ ನಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಹುಳು ಹೆಬ್ಬೆರಳಿನ ಗಾತ್ರಕ್ಕೆ ಬಂದಿರುತ್ತದೆ. ಕೆಲವು ಜಾತಿಗಳಲ್ಲಿ ಒಂದು ತಲೆಮಾರು ಮುಗಿಯಲು ಎರಡು ವರ್ಷವೇ ಹಿಡಿಯುವುದರಿಂದ ಒಂದೇ ಬುಡದಲ್ಲಿ ಬೇರೆ ಬೇರೆ ಪ್ರಾಯದ ಹುಳುಗಳು ಸಿಗುತ್ತವೆ.

ಇಲ್ಲಿ ನಾನು ಒಂದು ಕಹಿ ಸತ್ಯವನ್ನು ಹೇಳಬೇಕು. ಕ್ರ್ಯಾನ್‌ಬೆರಿಯ ಮೂತಿಹುಳುವಿನ ಮರಿಯಷ್ಟು ಸುಲಭವಾಗಿ ಗೊಣ್ಣೆಹುಳು ಸಾಯುವುದಿಲ್ಲ. ಗೊಣ್ಣೆಹುಳು ಮಣ್ಣಿನಲ್ಲೇ ಹುಟ್ಟಿ ಬೆಳೆಯುವ ಪ್ರಾಣಿ. ಜಂತುಗಳ ಜೊತೆ ಅದಕ್ಕೆ ಯುಗಯುಗಗಳ ಹಳೆಯ ವೈರ. ಅದರ ಉಸಿರುರಂಧ್ರಗಳಿಗೆ ಜರಡಿಯಂಥ ಮುಚ್ಚಳವಿದೆ. ಮೈಮೇಲೆ ಹತ್ತಿದ ಜಂತುವನ್ನು ಕಾಲಿನಿಂದ ಒರೆಸಿ ತೆಗೆಯುತ್ತದೆ. ಆಗಾಗ ಹಿಕ್ಕೆ ಹಾಕಿ ಹಿಂಬಾಗಿಲಿನಿಂದ ಬಂದವನನ್ನೂ ಹೊರಗಟ್ಟುತ್ತದೆ. ದೊಡ್ಡದಾದಷ್ಟೂ ಹಟ ಹೆಚ್ಚು. ಆದ್ದರಿಂದ ಮರಿ ಸಣ್ಣದಿರುವಾಗಲೇ ಜಂತುವನ್ನು ಬಿಡಬೇಕು. ಜುಲೈಯ ಸುರಿಮಳೆಯಲ್ಲಿ ಕಣಿಯೂ ಬುಡವೂ ಒಂದಾಗಿ ನೀರು ನಿಂತಾಗ ಜಂತುವಿಗೆ ಉಸಿರಾಡಲು ಗಾಳಿ ಸಾಲದು. ಡಿಸೆಂಬರಿನ ಮೇಲೆ ಹುಳು ಬಲಿತಿರುತ್ತದೆ, ಮಣ್ಣು ಒಣಗುತ್ತದೆ. ನನ್ನ ಲೆಕ್ಕದಲ್ಲಿ ಆಟಿ ಕಳೆದು ಮಳೆ ಸ್ವಲ್ಪ ಬಿಡುವು ಕೊಡುವ ಆಗಸ್ಟ್ ಕೊನೆಯಿಂದ ಅಕ್ಟೋಬರಿನವರೆಗೆ ಒಳ್ಳೆಯ ಕಾಲ.

ಪ್ರಮಾಣದ ಬಗ್ಗೆ ಒಂದು ಲೆಕ್ಕ. ಜಗತ್ತಿನಲ್ಲಿ ರೂಢಿಯಲ್ಲಿರುವ ಪ್ರಮಾಣ ಒಂದು ಚದರ ಸೆಂಟಿಮೀಟರಿಗೆ 25 ಜಂತುಗಳು. ಅಂದರೆ ಹೆಕ್ಟೇರಿಗೆ 250 ಕೋಟಿ, ಎಕರೆಗೆ ಸುಮಾರು 100 ಕೋಟಿ. ಕೋಟಿ ಎಂದು ಕೇಳಿ ಗಾಬರಿಯಾಗಬೇಡಿ. ಅರ್ಧ ಮಿಲಿಮೀಟರಿನ ಜೀವಿಗೆ ಕೋಟಿ ಎಂದರೆ ನಮಗೆ ಒಂದು ಸೇರು ಅಕ್ಕಿಯ ಹಾಗೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮ ಕೂಡ್ಲಿನ ಸಿಪಿಸಿಆರ್‌ಐ, ಅಡಿಕೆಯ ಬೇರುಹುಳುವಿಗೆ ಸ್ಟೈನರ್ನೆಮ ಕಾರ್ಪೊಕ್ಯಾಪ್ಸೆಯನ್ನು ಹೆಕ್ಟೇರಿಗೆ 150 ಕೋಟಿಯಂತೆ, ಮರಗಳ ನಡುವಿನ ಜಾಗದಲ್ಲಿ, 5ರಿಂದ 10 ಸೆಂಟಿಮೀಟರ್ ಆಳಕ್ಕೆ, ನೀರಿನಲ್ಲಿ ಕಲಸಿ ಕೊಡಲು ಶಿಫಾರಸು ಮಾಡಿದೆ. ಕಾರ್ಪೊಕ್ಯಾಪ್ಸೆ ಹೊಂಚುಗಾರನೆಂದು ಆಗ ಹೇಳಿದ್ದೆ. ಮೇಲೆ ಚೆಲ್ಲಿ ಬಿಡದೆ ಮಣ್ಣನ್ನು ಸರಿಸಿ ಒಳಗೆ ಕೊಡಿ ಎನ್ನುವುದರ ಹಿಂದಿನ ವಿವೇಕ ಇದರಿಂದ ತಿಳಿಯುತ್ತದೆ. ತಾನಾಗಿ ಇಳಿಯದವನನ್ನು ನಾವೇ ಇಳಿಸಬೇಕು.

ಕ್ರ್ಯಾನ್‌ಬೆರಿ ಬೆಳೆಗಾರರು ಇದನ್ನು ಸ್ಪ್ರಿಂಕ್ಲರ್ ಪೈಪಿನಲ್ಲೇ ಹಾಯಿಸುತ್ತಾರೆ: ಮೊದಲು ಪಾತಿಯನ್ನು ನೆನೆಸಿ, ಆಮೇಲೆ ಜಂತುಗಳನ್ನು ಬಿಟ್ಟು, ಎಲೆಯ ಮೇಲೆ ಉಳಿದವು ಒಣಗಿ ಸಾಯುವ ಮೊದಲೇ ಮತ್ತೆ ನೀರು ಹಾಯಿಸಿ ಮಣ್ಣಿಗೆ ಇಳಿಸುತ್ತಾರೆ. ಮಣ್ಣಿನ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ದಿನಗಳನ್ನು ಕಾಯುವುದು ಅವರ ಕಷ್ಟ. ನಮ್ಮ ಕಷ್ಟ ಅದರ ತದ್ವಿರುದ್ಧ: 32 ಡಿಗ್ರಿ ದಾಟಿದರೆ ಹೆಚ್ಚಿನ ಜಂತುಗಳು ಸೊರಗುತ್ತವೆ, ನೇರ ಬಿಸಿಲಿಗೆ ಸಿಕ್ಕರೆ ನಿಮಿಷಗಳಲ್ಲಿ ಸಾಯುತ್ತವೆ. ಸಂಜೆ ಐದರ ನಂತರವೇ ಕೆಲಸ ಆರಂಭಿಸಬೇಕು. ಸ್ಪ್ರೇಯರ್ ಬಳಸುವವರು ಒಳಗಿನ ಸಣ್ಣ ಜಾಲರಿಯನ್ನು ಕಳಚಿಡಬೇಕು. ಮೊದಲು ವಿಷ ತುಂಬಿದ್ದ ಟ್ಯಾಂಕಾದರೆ ಚೆನ್ನಾಗಿ ತೊಳೆಯಬೇಕು. ಜಂತುಗಳು ತಳಕ್ಕೆ ಕೂತು ಉಸಿರುಗಟ್ಟುವುದರಿಂದ ಆಗಾಗ ಕಲಕುತ್ತಿರಬೇಕು. ಹಸಿ ಸೆಗಣಿಗೊಬ್ಬರ, ಯೂರಿಯಾ ಹಾಕಿದ ಬೆನ್ನಿಗೇ ಇದನ್ನು ಹಾಕಬಾರದು, ಅಮೋನಿಯಾ ಅವಕ್ಕೆ ಆಗದು. ಚೆನ್ನಾಗಿ ಕಳಿತ ಹಟ್ಟಿಗೊಬ್ಬರದಿಂದ ತೊಂದರೆಯಿಲ್ಲ.

ನನ್ನದೊಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ನಾನು ಜಂತುಗಳನ್ನು ತರಿಸಿದ್ದು ಏಪ್ರಿಲಿನಲ್ಲಿ. ಪಾರ್ಸೆಲ್ ಬಂದ ದಿನ ನಾನು ಊರಲ್ಲಿರಲಿಲ್ಲ. ತಗಡಿನ ಮಾಡಿನ ಒಂದು ಕೋಣೆಯಲ್ಲಿ ಅದು ಮೂರು ದಿನ ಬಿದ್ದಿತ್ತು. ಮನೆಗೆ ತಂದವನು ಇನ್ನೂ ಒಂದು ತಪ್ಪು ಮಾಡಿದೆ: ಬಿಸಿಗೆ ಬಳಲಿವೆಯೆಂದು ಫ್ರಿಜ್ಜಿನ ತೀರ ಒಳಗೆ, ಮಂಜುಗಡ್ಡೆಯ ಪಕ್ಕದಲ್ಲಿ ಇಟ್ಟೆ. ಕಾರ್ಪೊಕ್ಯಾಪ್ಸೆಯಾಗಿದ್ದರೆ ಫ್ರಿಜ್ಜಿನ ಸಾಧಾರಣ ತಂಪು ಹಿತವೇ. ನಾನು ತರಿಸಿದ್ದು ಇಂಡಿಕ, ಉಷ್ಣವಲಯದ ಜಂತು, ಅದಕ್ಕೆ ಅಂಥ ಚಳಿ ಒಗ್ಗದು. ಬಿಸಿಯಲ್ಲಿ ಉಳಿದವು ಚಳಿಯಲ್ಲಿ ಹೋದವು. ಭಕ್ತಿಯಿಂದ ನಲವತ್ತು ಬುಡಗಳಿಗೆ ನಾನು ಹೊಯ್ದದ್ದು ಸತ್ತ ಜಂತುಗಳ ನೀರನ್ನು. ಆ ವರ್ಷ ಬೇರುಹುಳುಗಳಿಗೆ ಏನೂ ಆಗಲಿಲ್ಲ. ಕಾಡುಹಂದಿಗಳು ಬಂದು ಬುಡ ಅಗೆದು ನನಗಿಂತ ಹೆಚ್ಚು ಹುಳು ಹಿಡಿದವು. ಜೀವಂತ ಕರುವನ್ನು ಸಾಗಿಸುವಾಗ ಇರುವ ಜಾಗ್ರತೆ ಈ ಪ್ಯಾಕೆಟ್ಟಿಗೂ ಬೇಕೆಂದು ಆಗ ಅರ್ಥವಾಯಿತು.

ಉಪನ್ಯಾಸದ ಬಳಿಕ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.

‘ಎರೆಹುಳಕ್ಕೆ, ದನಕ್ಕೆ, ಕುಡಿಯುವ ನೀರಿಗೆ ತೊಂದರೆಯಿಲ್ಲವೇ?’ ಎಂದು ಒಬ್ಬರು ಅಕ್ಕ ಕೇಳಿದರು. ಎರೆಹುಳುಗಳಿಗೆ ಈ ಜಂತುಗಳಿಂದ ಹಾನಿಯಿಲ್ಲ. ನಮ್ಮ, ದನಕರುಗಳ ಮೈಬಿಸಿಯಲ್ಲಿ ಅವು ಬದುಕಿ ಬೆಳೆಯಲಾರವು. ಅಮೆರಿಕದಲ್ಲಿ ಇವುಗಳಿಗೆ ಕೀಟನಾಶಕದ ನೋಂದಣಿಯಿಂದಲೇ ವಿನಾಯಿತಿ ಇದೆ.

‘ಮದ್ದಿನ ಜೊತೆ ಕೊಡಬಹುದೇ?’ ಇದು ಎರಡನೆಯ ಪ್ರಶ್ನೆ. ಮದ್ದು ಯಾವುದೆಂಬುದರ ಮೇಲೆ ಹೋಗುತ್ತದೆ. ಇಮಿಡಾಕ್ಲೋಪ್ರಿಡ್ ತಿಂದ ಗೊಣ್ಣೆಹುಳು ಮಂಕಾಗಿ, ಮೈ ಒರೆಸಿಕೊಳ್ಳುವುದನ್ನು ನಿಲ್ಲಿಸುವುದರಿಂದ ಜಂತುವಿಗೆ ಸುಲಭದ ತುತ್ತಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೆಣಸಿನ ಬಳ್ಳಿಗೆಂದು ನೆಮಟೋಡ್ ನಾಶಕ ಹಾಕಿದ ಬುಡಕ್ಕೆ ಮಾತ್ರ ಖಂಡಿತ ಬೇಡ. ಅದಕ್ಕೆ ಮಿತ್ರನೂ ಒಂದೇ, ಶತ್ರುವೂ ಒಂದೇ. ಹಿಂದೆ ನಾವು ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಕಾಳಿಗೆ 2020ರ ಕೊನೆಗೆ ದೇಶದಲ್ಲೇ ನಿಷೇಧ ಬಂದಿರುವುದರಿಂದ ಅದರ ಮಾತು ಬೇಡ.

‘ಒಮ್ಮೆ ಹಾಕಿದರೆ ಸಾಕಲ್ಲ, ಅದೇ ಸಂತಾನ ಬೆಳೆಸಿಕೊಳ್ಳುತ್ತದಲ್ಲ?’ ಎಂದು ಕೇಳಿದವರು ಹುಬ್ಬುಗಂಟಿಕ್ಕಿದ ಆ ಹಿರಿಯರೇ. ಸಂತಾನ ಬೆಳೆಸುವುದು ಹೌದು, ಆದರೆ ಹುಳು ಇದ್ದರೆ, ತೇವ ಇದ್ದರೆ. ನಮ್ಮ ಬೇಸಗೆಯಲ್ಲಿ ಸಂಖ್ಯೆ ಇಳಿದೇ ಇಳಿಯುತ್ತದೆ. ಹುಳು ಕಂಡಲ್ಲಿ ಮರುವರ್ಷ ಮತ್ತೆ ಕೊಡಬೇಕು. ಸ್ಪ್ರಿಂಕ್ಲರ್ ಇರುವ, ಸೋಗೆ ಮುಚ್ಚಿಗೆ ಇರುವ ಬುಡದಲ್ಲಿ ಹೆಚ್ಚು ದಿನ ಉಳಿಯುತ್ತವೆ. ‘ಅಂಗಡಿಯವನು ಕೊಟ್ಟದ್ದು ಬದುಕಿದೆಯೋ ಸತ್ತಿದೆಯೋ, ನಮಗೆ ಗೊತ್ತಾಗುವುದು ಹೇಗೆ ಮಾರಾಯ್ರೆ?’ ಎಂದು ಅವರು ಮತ್ತೆ ಕೇಳಿದರು. ಆಗ ನಾನು ಚೀಲದಿಂದ ಮಸೂರ ತೆಗೆದು ಅವರ ಕೈಗೆ ಕೊಟ್ಟೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಇಂಥ ಮಸೂರ ಸಾಕು. ಚಿಟಿಕೆ ಪುಡಿಯನ್ನು ಒಂದು ಚಮಚ ಹದ ನೀರಿಗೆ ಹಾಕಿ, ಒಂದು ಗಂಟೆ ಕಾದು, ಒಂದು ಹನಿಯನ್ನು ಕಪ್ಪು ತಟ್ಟೆಯ ಮೇಲಿಟ್ಟು ನೋಡಿ. ಕಾದು ನೋಡಿ ಎಂದದ್ದಕ್ಕೆ ಕಾರಣವಿದೆ; ಕಾರ್ಪೊಕ್ಯಾಪ್ಸೆ ಬದುಕಿದ್ದರೂ ಮೊದಲಿಗೆ ಅಲುಗಾಡದೆ ಮಲಗಿರುತ್ತದೆ. ಗಂಟೆ ಕಳೆದ ಮೇಲೆ ಹೊರಳಾಡುತ್ತಿದ್ದರೆ ಅದೇ ಸಂಜೆ ತೋಟಕ್ಕೆ ಕೊಂಡುಹೋಗಿ. ಕಡ್ಡಿಯಿಂದ ತಟ್ಟಿದರೂ ಸೂಜಿಯ ಹಾಗೆ ನೆಟ್ಟಗೆ ಬಿದ್ದಿದ್ದರೆ, ಆ ಹನಿಯನ್ನು ಹಾಗೆಯೇ ಮುಚ್ಚಿಟ್ಟುಕೊಂಡು ಪ್ಯಾಕೆಟ್ಟಿನ ಸಮೇತ ಅಂಗಡಿಗೆ ಹೋಗಿ, ಮಸೂರವನ್ನು ಅವರ ಕೈಗೆ ಕೊಡಿ.